ಅಬ್ಬನ ಬಳಿಗೆ ಹತ್ತು ದಿನ: ಹಸುಗೂಸಿನೊಂದಿಗೆ ದುಬೈಗೆ ಹೊರಟಾಗ

ಕಳೆದ ಚಳಿಗಾಲದಲ್ಲಿ ಒಬ್ಬ ತಾಯಿ ಏಳು ತಿಂಗಳ ಮಗುವನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಗುವಿಗೆ ಕಾಯಿಲೆ ಏನೂ ಇರಲಿಲ್ಲ. ಗಂಡ ದುಬೈಯ ದೇರಾದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಮಗು ಹುಟ್ಟಿದಾಗ ರಜೆ ಸಿಗಲಿಲ್ಲ. ಏಳು ತಿಂಗಳಿಂದ ಅವರು ಮಗಳನ್ನು ಮೊಬೈಲಿನ ಪರದೆಯಲ್ಲಿ ಮಾತ್ರ ನೋಡಿದ್ದಾರೆ. ಈಗ ಹತ್ತು ದಿನಗಳ ಅವಕಾಶ ಸಿಕ್ಕಿದೆ, ವಿಸಿಟ್ ವೀಸಾ ಮಾಡಿಸಿ ಕರೆಸಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಮನೆಯ ಹಿರಿಯರದ್ದು ಒಂದೇ ಮಾತು: "ಇಷ್ಟು ಸಣ್ಣ ಮಗುವನ್ನು ವಿಮಾನದಲ್ಲಿ ಹತ್ತಿಸುವುದಾ? ವರ್ಷ ತುಂಬಲಿ."

"ಡಾಕ್ಟ್ರೇ, ನೀವೇ ಹೇಳಿ" ಎಂದು ಆ ತಾಯಿ ನನ್ನ ಮುಖ ನೋಡಿದರು.

ಹೋಗಿ ಬನ್ನಿ ಎಂದೆ. ಅವಧಿ ತುಂಬಿ ಹುಟ್ಟಿ ಆರೋಗ್ಯವಾಗಿರುವ ಏಳು ತಿಂಗಳ ಮಗುವಿಗೆ ಮಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ಹಾರಾಟ ದೊಡ್ಡ ಸಂಗತಿಯಲ್ಲ. ಅವಧಿಗೆ ಮುಂಚೆ ಹುಟ್ಟಿದ, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ, ಕಿವಿ ಸೋರುತ್ತಿರುವ ಮಗುವಾದರೆ ಮಾತು ಬೇರೆ. ಅಂಥವರು ಮಕ್ಕಳ ತಜ್ಞರಿಗೆ ತೋರಿಸದೆ ಟಿಕೆಟ್ ಮಾಡಬಾರದು. ಮಗುವಿನ ತೊಂದರೆ ಹೆಚ್ಚಾಗಿ ವಿಮಾನದಲ್ಲಿ ಆಗುವುದಿಲ್ಲ. ಇಳಿದ ಮೇಲೆ ನಾವು ಹಾಕಿಕೊಳ್ಳುವ ಓಡಾಟದ ಪಟ್ಟಿಯಿಂದ ಆಗುತ್ತದೆ.

ಯಾವ ತಿಂಗಳು?

ನಮ್ಮವರು ಸಾಮಾನ್ಯವಾಗಿ ಹೊರಡುವುದು ಏಪ್ರಿಲ್-ಮೇ ರಜೆಯಲ್ಲಿ. ದೊಡ್ಡ ಮಕ್ಕಳ ಶಾಲೆ ಇರುತ್ತದಲ್ಲ! ಆದರೆ ಹಸುಗೂಸಿನ ಮಟ್ಟಿಗೆ ಮೇ ತಿಂಗಳ ದುಬೈ ಒಳ್ಳೆಯದಲ್ಲ. ಜುಲೈ-ಆಗಸ್ಟಿನಲ್ಲಂತೂ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಜೊತೆಗೆ ಕಡಲಿನ ತೇವವೂ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಗಲು 25 ಡಿಗ್ರಿಯ ಆಸುಪಾಸು, ರಾತ್ರಿ 15ರ ಹತ್ತಿರ. ಕಡಲ ದಂಡೆಯಲ್ಲಿ ಮಗುವನ್ನು ಕೂರಿಸಬಹುದಾದ ದಿನಗಳು ಇವೇ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ಮಗ ಒಂಬತ್ತು ತಿಂಗಳವನಿದ್ದಾಗ ನಾವೂ ಮೇ ತಿಂಗಳಲ್ಲಿ ಹೋಗಿದ್ದೆವು. ಸಂಜೆ ನಾಲ್ಕಕ್ಕೆ ಬಿಸಿಲು ಇಳಿದಿರುತ್ತದೆ ಎಂಬುದು ನಮ್ಮ ಲೆಕ್ಕ. ತಳ್ಳುಗಾಡಿಯಲ್ಲಿ ಮಲಗಿಸಿ, ಮುಖಕ್ಕೆ ಬಿಸಿಲು ಬೀಳದಿರಲಿ ಎಂದು ಮೇಲಿಂದ ತೆಳ್ಳಗಿನ ದುಪಟ್ಟಾ ಹೊದಿಸಿ ಜುಮೈರಾದ ದಂಡೆಯುದ್ದಕ್ಕೂ ನಡೆದೆವು. ಮಗು ಅಳಲಿಲ್ಲ, ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡೆವು. ಮುಕ್ಕಾಲು ಗಂಟೆಯ ನಂತರ ಬಟ್ಟೆ ಸರಿಸಿ ನೋಡಿದರೆ ಮುಖ ಕೆಂಪಾಗಿತ್ತು, ಮೈ ಸುಡುತ್ತಿತ್ತು, ಕರೆದರೆ ಕಣ್ಣು ಸರಿಯಾಗಿ ತೆರೆಯುತ್ತಿರಲಿಲ್ಲ. ಮಧ್ಯಾಹ್ನ ಹಾಕಿದ ಡೈಪರ್ ಒಣಗಿಯೇ ಇತ್ತು. ವೈದ್ಯ ವೃತ್ತಿಯಲ್ಲಿದ್ದೂ ನನ್ನ ಕೈ ನಡುಗಿತು. ತಣ್ಣನೆಯ ಕಟ್ಟಡದೊಳಗೆ ಓಡಿ, ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಮೊಲೆಹಾಲು ಕುಡಿಸುತ್ತಲೇ ಆಸ್ಪತ್ರೆಗೆ ಒಯ್ದೆವು. ಅಲ್ಹಮ್ದುಲಿಲ್ಲಾಹ್, ರಾತ್ರಿಯೊಳಗೆ ಚೇತರಿಸಿಕೊಂಡ.

ತಳ್ಳುಗಾಡಿಗೆ ಬಟ್ಟೆ ಮುಚ್ಚಿದರೆ ನೆರಳು ಸಿಗುತ್ತದೆ ನಿಜ, ಆದರೆ ಗಾಳಿ ನಿಂತು ಒಳಗೆ ಶಾಖ ಏರುತ್ತದೆ. ದಯವಿಟ್ಟು ಮುಚ್ಚಬೇಡಿ. ಗಾಡಿಯ ಕೊಡೆ ಸಾಕು, ಇಲ್ಲವೇ ಮರದ ನೆರಳು ಹುಡುಕಿ. ನಿಲ್ಲಿಸಿದ ಕಾರಿನಲ್ಲಿ "ಐದೇ ನಿಮಿಷ" ಎಂದು ಮಗುವನ್ನು ಬಿಟ್ಟು ಹೋಗುವುದಂತೂ ಚಳಿಗಾಲದಲ್ಲೂ ಕೂಡದು.

ಹೊರಡುವ ಮುನ್ನ

ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ ಲಸಿಕೆಯ ಕಾರ್ಡ್ ತೆಗೆದು ನೋಡಿ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳು ಆಗಿರಬೇಕು. ನಮ್ಮ ದೇಶದ ಪಟ್ಟಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಇರುವುದು ಒಂಬತ್ತು ತಿಂಗಳಿಗೆ. ಆರು ತಿಂಗಳು ದಾಟಿದ ಮಗು ವಿದೇಶಕ್ಕೆ ಹೋಗುವುದಾದರೆ ದಡಾರದ ಒಂದು ಡೋಸನ್ನು ಮೊದಲೇ ಕೊಡಬೇಕೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಹಾಗೆ ಕೊಟ್ಟರೂ ಮುಂದಿನ ಡೋಸುಗಳನ್ನು ಬಿಡುವಂತಿಲ್ಲ.

ಕಾಗದಪತ್ರದ ವಿಷಯ ನನ್ನದಲ್ಲದಿದ್ದರೂ ಒಂದು ಮಾತು. ಎಳೆ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಮಕ್ಕಳಿಗೆ ಒಂದೇ ಹೆಸರಿಡುವುದು ವಾಡಿಕೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂಬ ನಿಯಮವನ್ನು ಯುಎಇ 2022ರಲ್ಲಿ ತಂದಿತು. ಮಗುವಿನ ಅರ್ಜಿ ತುಂಬುವಾಗಲೇ ತಂದೆಯ ಅಥವಾ ಮನೆತನದ ಹೆಸರನ್ನು ಸೇರಿಸಿಬಿಡಿ. ಪ್ರಯಾಣ ವಿಮೆ ಮಾಡಿಸುವಾಗ ಮಗುವಿನ ಹೆಸರೂ ಅದರಲ್ಲಿರಲಿ, ಏಕೆಂದರೆ ವಿಸಿಟ್ ವೀಸಾದವರಿಗೆ ಅಲ್ಲಿ ಆಸ್ಪತ್ರೆಯ ಖರ್ಚು ಹಗುರವಲ್ಲ.

ಇನ್ನು ಗಂಟು ಕಟ್ಟುವ ವಿಷಯ. ಅಜ್ಜಿಯಂದಿರು ಪ್ರೀತಿಯಿಂದ ತುಂಬಿಸುವ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಗಸಗಸೆ ನಮಗೆ ಪಾಯಸಕ್ಕೂ ಮಸಾಲೆಗೂ ಬೇಕು, ಯುನಾನಿಯ ಖಮೀರಾ ಖಶ್‌ಖಾಶ್‌ನಲ್ಲೂ ಇದೆ. ಆದರೆ ಯುಎಇಯಲ್ಲಿ ಗಸಗಸೆ ನಿಷಿದ್ಧ. ಬೀಜವಾಗಲಿ, ಅದು ಸೇರಿದ ಮಸಾಲೆ ಪುಡಿಯಾಗಲಿ, ಔಷಧವಾಗಲಿ ಒಯ್ಯಬೇಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೂ ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಅಜ್ಜನ ಮಾತ್ರೆಗಳನ್ನು ಮಗನಿಗೆ ಕಳಿಸುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಬೇಡಿ.

ಜೇನಿನ ಬಗ್ಗೆಯೂ ಹೇಳಲೇಬೇಕು. ನಾವು ಹಕೀಮರು ಜೇನನ್ನು ಎಷ್ಟು ಹೊಗಳಿದರೂ ಸಾಲದು, ಅದರಲ್ಲಿ ಶಿಫಾ ಇದೆ ಎಂಬುದು ನಮ್ಮ ವಿಶ್ವಾಸ. ಆದರೆ ವರ್ಷ ತುಂಬದ ಮಗುವಿಗೆ ಜೇನು ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳನ್ನು ಎದುರಿಸುವ ಶಕ್ತಿ ಎಳೆಯ ಕರುಳಿಗೆ ಇರುವುದಿಲ್ಲ. ಸುರ್ಮಾ ಕೂಡ ಹಾಗೆಯೇ. ಅನೇಕ ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮಗು ಕಣ್ಣುಜ್ಜಿ ಅದೇ ಕೈಯನ್ನು ಬಾಯಿಗಿಡುತ್ತದೆ. ಹೊರಡುವ ದಿನ ಚಂದ ಕಾಣಲೆಂದು ಬಳಿಯಬೇಡಿ.

ಒಯ್ಯಬೇಕಾದದ್ದು ಕಡಿಮೆಯೇ: ಓಆರ್‌ಎಸ್ ಪೊಟ್ಟಣಗಳು, ಥರ್ಮಾಮೀಟರ್, ಪ್ಯಾರಸಿಟಮಾಲ್ ಡ್ರಾಪ್ಸ್. ಡ್ರಾಪ್ಸ್ ಮತ್ತು ಸಿರಪ್‌ನಲ್ಲಿ ಔಷಧದ ಸಾಂದ್ರತೆ ಬೇರೆ ಬೇರೆ. ಮಗುವಿನ ತೂಕಕ್ಕೆ ಎಷ್ಟು ಮಿಲಿಲೀಟರ್ ಎಂದು ವೈದ್ಯರಿಂದ ಬರೆಸಿಕೊಂಡು ಆ ಚೀಟಿಯನ್ನು ಬಾಟಲಿಗೇ ಅಂಟಿಸಿ. ಅಲ್ಲಿ ಕೊಂಡ ಬಾಟಲಿಗೆ ಇಲ್ಲಿಯ ಲೆಕ್ಕ ಹಿಡಿಯಬೇಡಿ.

ವಿಮಾನದಲ್ಲಿ

ಮಗು ಅಳುವುದು ಹೆಚ್ಚಾಗಿ ಕಿವಿಯ ಒತ್ತಡಕ್ಕೆ, ಅದೂ ಏರುವಾಗಿಗಿಂತ ಇಳಿಯುವಾಗ ಜಾಸ್ತಿ. ನಾವು ಎಂಜಲು ನುಂಗಿ ಕಿವಿ ಬಿಡಿಸಿಕೊಳ್ಳುತ್ತೇವೆ, ಮಗುವಿಗೆ ಅದು ತಿಳಿಯದು. ಹೀರಿ ನುಂಗಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದುಕೊಳ್ಳುತ್ತದೆ. ವಿಮಾನ ಇಳಿಯತೊಡಗುವುದು ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲು. ಆಗ ಮಗುವನ್ನು ಎಬ್ಬಿಸಿಯಾದರೂ ಹಾಲು ಕುಡಿಸಿ. ಹತ್ತಿದ ಕೂಡಲೇ ಹೊಟ್ಟೆ ತುಂಬ ಕುಡಿಸಿ ಮಲಗಿಸಿದರೆ ಇಳಿಯುವಾಗ ಮಗು ಕುಡಿಯುವುದಿಲ್ಲ. ನಮ್ಮ ಊರಿಂದ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ತೊಟ್ಟಿಲು ಇರುವುದಿಲ್ಲ, ತಾಯಿಯ ಮಡಿಲೇ ಗತಿ. ಹಾಲೂಡಿಸಲು ಅನುಕೂಲವಾದ ಸಡಿಲ ಅಬಾಯ ಮತ್ತು ದೊಡ್ಡ ದುಪಟ್ಟಾ ಇದ್ದರೆ ನೆಮ್ಮದಿ.

ನಿದ್ದೆ ಬರಲೆಂದು ನೆಗಡಿಯ ಸಿರಪ್ ಕುಡಿಸುವವರಿದ್ದಾರೆ. ಇದು ಅಪಾಯ. ಕ್ಲೋರ್‌ಫೆನಿರಾಮಿನ್ ಮತ್ತು ಫೆನೈಲೆಫ್ರಿನ್ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರೇ 2023ರಲ್ಲಿ ಹೇಳಿದ್ದಾರೆ. ಅಕ್ಕಪಕ್ಕದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅವರೂ ಒಂದು ಕಾಲದಲ್ಲಿ ಅತ್ತವರೇ.

ಮಗುವಿನ ಗಡಿಯಾರ

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನಲ್ಲಿ ಆರಕ್ಕೆ ಏಳುವ ಮಗು ಅಲ್ಲಿ ನಾಲ್ಕೂವರೆಗೆ ಏಳುತ್ತದೆ. ನಿಮಗೆ ತಹಜ್ಜುದ್‌ಗೆ ಅಲಾರಂ ಬೇಡ! ಹತ್ತು ದಿನದ ಮಟ್ಟಿಗೆ ಮಗುವಿನ ನಿದ್ದೆಯನ್ನು ಬದಲಿಸಲು ಹೋಗಬೇಡಿ, ನೀವೇ ಅದಕ್ಕೆ ಹೊಂದಿಕೊಳ್ಳಿ. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ. ಅವುಗಳಲ್ಲಿ ನಿದ್ದೆ-ಎಚ್ಚರ ಒಂದು, ಗಾಳಿ ಇನ್ನೊಂದು. ಇಬ್ನು ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ಹಸುಗೂಸಿನ ಆರೈಕೆಗೂ ಪ್ರಯಾಣಿಕರ ಪಥ್ಯಕ್ಕೂ ಬೇರೆ ಬೇರೆ ಅಧ್ಯಾಯಗಳನ್ನೇ ಇಟ್ಟಿದ್ದಾರೆ. ಹಸುಗೂಸೇ ಪ್ರಯಾಣಿಕನಾದಾಗ ಎರಡನ್ನೂ ಸೇರಿಸಿ ಓದಬೇಕಷ್ಟೆ.

ಆ ತಾಯಿಗೆ ನಾನು ಬರೆದುಕೊಟ್ಟ ದಿನಚರಿ ಹೀಗಿತ್ತು. ಫಜ್ರ್ ಆದ ಮೇಲೆ ತಿಂಡಿ ಮುಗಿಸಿ, ಜನವರಿಯಲ್ಲಿ ಏಳರ ಸುಮಾರಿಗೆ ಬೆಳಕು ಹರಿದ ಕೂಡಲೇ ಕಡಲ ದಂಡೆಗೆ. ಒಂಬತ್ತರೊಳಗೆ ವಾಪಸ್. ನಂತರ ಸ್ನಾನ, ಹಾಲು, ದೀರ್ಘ ನಿದ್ದೆ. ಮೂರರ ಮೇಲೆ ಊರು ನೋಡುವುದು, ದಿನಕ್ಕೆ ಒಂದೇ ಜಾಗ. ಏಳಕ್ಕೆ ಮಗು ಮಲಗಿರಬೇಕು. ಮೆಟ್ರೋದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಬೋಗಿ ಇದೆ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಮಾಲ್‌ಗಳಲ್ಲಿ ನಮಾಝಿಗೆ ಕೋಣೆ ಸಿಗುತ್ತದೆ. ಡೈಪರ್ ಬದಲಿಸುತ್ತ ಬಟ್ಟೆಗೆ ತಾಗುವ ಸಂಭವವಿರುವುದರಿಂದ ನಮಾಝಿನ ಉಡುಪನ್ನು ಬೇರೆ ಚೀಲದಲ್ಲಿಡಿ. ಪ್ರಯಾಣಿಕರಿಗಿರುವ ಖಸ್ರ್‌ನ ರಿಯಾಯಿತಿಯ ಬಗ್ಗೆ ಹೊರಡುವ ಮುನ್ನ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಬುರ್ಜ್ ಖಲೀಫಾದ ಮೇಲೆ ಹೋಗಬಹುದು, ಆದರೆ ಅದರ ವೇಗದ ಲಿಫ್ಟಿನಲ್ಲೂ ವಿಮಾನದಂತೆ ಕಿವಿ ಮುಚ್ಚಿಕೊಳ್ಳುತ್ತದೆ. ಮಗು ಏನಾದರೂ ಚೀಪುತ್ತಿರಲಿ. ಮರಳು ದಿಬ್ಬಗಳ ಮೇಲೆ ಜೀಪು ಕುಣಿಸುವ ಸಫಾರಿ ಮಾತ್ರ ಬೇಡವೇ ಬೇಡ. ಕುತ್ತಿಗೆ ಬಲಿಯದ ಮಗುವಿಗೆ ಆ ಕುಲುಕಾಟ ಸಲ್ಲದು. ಅದಕ್ಕಿಂತ ದೇರಾದ ಕಡಲ ಕಾಲುವೆಯಲ್ಲಿ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ದಾಟಿದರೆ ನಿಮಗೂ ಖುಷಿ, ಮಗುವಿಗೂ ಗಾಳಿ. ಕಾರಿನಲ್ಲಿ ಹೋಗುವಾಗ ನಾಲ್ಕು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಕಡ್ಡಾಯವೆಂಬ ಕಾನೂನು ಅಲ್ಲಿ 2017ರಿಂದ ಇದೆ. ಮಡಿಲಲ್ಲಿ ಕೂರಿಸುವ ನಮ್ಮ ರೂಢಿಯನ್ನು ಇಲ್ಲೇ ಬಿಟ್ಟು ಹೋಗಿ.

ದಂಡೆಯಲ್ಲಿ

ಆರು ತಿಂಗಳೊಳಗಿನ ಮಗುವಿಗೆ ನೆರಳು, ತೋಳು ಮುಚ್ಚುವ ಹತ್ತಿ ಬಟ್ಟೆ ಮತ್ತು ಟೊಪ್ಪಿಯೇ ರಕ್ಷೆ. ಆರು ದಾಟಿದ ಮೇಲೆ ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನನ್ನು ತೆರೆದ ಭಾಗಗಳಿಗೆ ಹಚ್ಚಬಹುದು. ತೆಂಗಿನೆಣ್ಣೆ ಹಚ್ಚಿದರೆ ಬಿಸಿಲು ತಾಗದು ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿದೆ, ಅದು ನಿಜವಲ್ಲ. ಜನವರಿಯ ಸಮುದ್ರದ ನೀರು ಮಗುವಿಗೆ ತಣ್ಣಗೆ. ಕಾಲು ತೋಯಿಸಿ, ಎರಡು ಅಲೆ ತೋರಿಸಿ, ಮೈ ಒರೆಸಿ. ಡೈಪರಿನೊಳಗೆ ಮರಳು ಸೇರಿದರೆ ಚರ್ಮ ಕೆಂಪಾಗಿ ಸುಲಿಯುತ್ತದೆ, ಆದ್ದರಿಂದ ಸಿಹಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ.

ಕುಡಿಯುವ ವಿಷಯ. ಆರು ತಿಂಗಳವರೆಗೆ ಎಷ್ಟೇ ಸೆಖೆಯಿರಲಿ ನೀರು ಬೇಡ, ಮೊಲೆಹಾಲೇ ಸಾಕು. ಪದೇ ಪದೇ ಕೊಡಿ, ತಾಯಿ ನೀರು ಹೆಚ್ಚು ಕುಡಿಯಲಿ. ಪುಡಿ ಹಾಲು ಕೊಡುವವರು ನೀರು ಕುದಿಸಿ, 70 ಡಿಗ್ರಿಗಿಂತ ತಣಿಯುವ ಮೊದಲೇ ಕಲಸಿ, ನಂತರ ಆರಿಸಿ ಕೊಡಬೇಕು. ಕಲಸಿದ್ದನ್ನು ಎರಡು ಗಂಟೆ ದಾಟಿಸಬಾರದು. ಭೇದಿಯಾದರೆ ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಒಂದು ಲೀಟರಿನದೂ ಇದೆ, 200 ಮಿಲಿಲೀಟರಿನದೂ ಇದೆ. ಒಂದೊಂದು ಸಲ ಭೇದಿಯಾದಾಗಲೂ 50ರಿಂದ 100 ಮಿಲಿಲೀಟರ್, ಚಮಚದಲ್ಲಿ ನಿಧಾನವಾಗಿ. ಮೊಲೆಹಾಲು ನಿಲ್ಲಿಸಬೇಡಿ. ಆರು ಗಂಟೆ ಮೂತ್ರವಿಲ್ಲ, ನೆತ್ತಿ ಗುಳಿಬಿದ್ದಿದೆ, ಅತ್ತರೆ ಕಣ್ಣೀರಿಲ್ಲ, ಮಂಕಾಗಿದೆ ಎಂದಾದರೆ ಮನೆಮದ್ದೂ ಬೇಡ, ನನ್ನಂಥವರಿಗೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಆಂಬುಲೆನ್ಸ್ ಸಂಖ್ಯೆ 998.

ಬಂಧುಗಳ ಮನೆ

ಗಲ್ಫಿನಲ್ಲಿ ನಮ್ಮವರು ಪ್ರೀತಿಗೆ ಕಡಿಮೆ ಮಾಡುವುದಿಲ್ಲ. ಹತ್ತು ದಿನಕ್ಕೆ ಹದಿನಾಲ್ಕು ಮನೆಯ ಊಟ! ಪ್ರತಿ ಮನೆಯಲ್ಲೂ ಮಗುವಿಗೆ ಮುತ್ತು, ಪ್ರತಿ ಮನೆಯಲ್ಲೂ ಬಖೂರ್. ಊದಿನ ಹೊಗೆ ನಮಗೆ ಸುಗಂಧ, ಮಗುವಿನ ಶ್ವಾಸಕ್ಕೆ ಹೊಗೆಯೇ. "ಮಗುವಿಗೆ ಕೆಮ್ಮು ಬರುತ್ತದೆ" ಎಂದು ನಗುತ್ತಲೇ ಹೇಳಿ ಬೇರೆ ಕೋಣೆಗೆ ಸರಿಯಿರಿ. ನೆಗಡಿ ಇರುವವರು ಮುಖಕ್ಕೆ ಮುತ್ತಿಡುವುದು ಬೇಡ ಎನ್ನುವ ಕೆಲಸವನ್ನು ತಂದೆಯೇ ಮಾಡಲಿ, ಸೊಸೆಯ ಬಾಯಿಂದ ಅದು ಕಠಿಣವಾಗಿ ಕೇಳಿಸುತ್ತದೆ. ಎಲ್ಲರನ್ನೂ ಒಂದು ಸಂಜೆ ಒಂದೇ ಕಡೆ ಸೇರಿಸಿದರೆ ಇನ್ನೂ ಒಳ್ಳೆಯದು.

ಆ ತಾಯಿ ಹೋಗಿ ಬಂದರು. ಮೊದಲ ಎರಡು ದಿನ ಮಗಳು ಅಬ್ಬನ ಕೈಗೆ ಹೋಗಲು ಕೇಳಲೇ ಇಲ್ಲವಂತೆ. ಏಳು ತಿಂಗಳ ಮಗು ಹೊಸ ಮುಖಕ್ಕೆ ಹೆದರುವುದು ಸಹಜ ಎಂದು ನಾನು ಮೊದಲೇ ಹೇಳಿದ್ದರಿಂದ ಅವರು ಬಲವಂತ ಮಾಡಲಿಲ್ಲ. ಪಕ್ಕದಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ಅದೇ ದನಿಯಲ್ಲಿ ಮಾತಾಡುತ್ತಿದ್ದರಂತೆ. ಮೂರನೆಯ ಬೆಳಿಗ್ಗೆ ದಂಡೆಯಲ್ಲಿ ಅಲೆಯೊಂದು ಕಾಲಿಗೆ ತಾಗಿದಾಗ ಮಗು ಬೆಚ್ಚಿ, ಹತ್ತಿರವಿದ್ದ ಅಬ್ಬನ ಅಂಗಿಯನ್ನು ಹಿಡಿದುಕೊಂಡಿತಂತೆ. ಬುರ್ಜ್ ಖಲೀಫಾವನ್ನು ಅವರು ಕೆಳಗಿನಿಂದಲೇ ನೋಡಿ ಬಂದರು.