ಗಾಲಿಪೆಟ್ಟಿಗೆಯೂ ನಮ್ಮ ಬೆನ್ನೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ಊರುಗಳಿಂದ ದಾವಣಗೆರೆಗೆ ಹೋಗಿ ರೈಲು ಹಿಡಿಯುವವರು ಮೊದಲು ಬಸ್ಸು ಹತ್ತಬೇಕಷ್ಟೆ. ಬಸ್ಸಿನ ಮೆಟ್ಟಿಲ ಮೇಲೆ ಯಾವ ಗಾಲಿಯೂ ಉರುಳದು. ಗಾಲಿಪೆಟ್ಟಿಗೆಯನ್ನು ಕೊಳ್ಳುವ ಮುನ್ನ ತಾವು ಇದನ್ನು ನೆನೆಯಬೇಕು.

ಪೆಟ್ಟಿಗೆಗೆ ಗಾಲಿ ಬಂದುದು ಬಹಳ ಹಿಂದೇನಲ್ಲ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರಿಗೆ 1972ರಲ್ಲಿ ಇದರ ಪೇಟೆಂಟು ದೊರೆಯಿತು. ಅದು ಪಟ್ಟಿ ಹಿಡಿದು ಎಳೆಯುವ ನಾಲ್ಕು ಗಾಲಿಯ ಪೆಟ್ಟಿಗೆ. 1987ರಲ್ಲಿ ವಿಮಾನಚಾಲಕ ರಾಬರ್ಟ್ ಪ್ಲಾತ್ ಎರಡೇ ಗಾಲಿಯಿಟ್ಟು, ಉದ್ದನೆಯ ಹಿಡಿ ಜೋಡಿಸಿ, ಓರೆಯಾಗಿ ಎಳೆಯುವಂತೆ ಮಾಡಿದರು.

ಈಗ ಎರಡು ಬಗೆಯವೂ ಅಂಗಡಿಯಲ್ಲಿವೆ. ನಿಂತಂತೆಯೇ ಸಾಗುವ ನಾಲ್ಕು ಗಾಲಿಯ ಪೆಟ್ಟಿಗೆಯ ಭಾರವೆಲ್ಲ ನೆಲಕ್ಕೆ; ನಯವಾದ ನೆಲದಲ್ಲಿ ಸುಖ. ಆದರೆ ಅದರ ಚಿಕ್ಕ ಗಾಲಿಗಳು ಜಲ್ಲಿಗೆ ಸಿಕ್ಕಿ ನಿಲ್ಲುತ್ತವೆ. ಎರಡು ಗಾಲಿಯದರಲ್ಲಿ ಕೊಂಚ ಭಾರ ಕೈಗೆ ಬರುವುದು ನಿಜ. ಗಾಲಿ ದೊಡ್ಡದಾದರೆ ಗುಂಡಿ ದಾಟುವುದು ಸುಲಭ. ನಮ್ಮ ದಾರಿಗೆ ಇದೇ ಒಪ್ಪುತ್ತದೆ. ಭಾರದ ಸಾಮಾನನ್ನು ಗಾಲಿಯ ಬಳಿಯೇ ಇಟ್ಟರೆ ಕೈಗೆ ಬರುವ ಹೊರೆ ತಗ್ಗುತ್ತದೆ. ಹಿಡಿ ಮಾತ್ರ ಬೆನ್ನು ಬಾಗಿಸದೆ ಎಳೆಯುವಷ್ಟು ಎತ್ತರವಿರಲಿ.

ಒಮ್ಮೆ ನಾನು ಮಗಳ ಮನೆಗೆಂದು ಪೆಟ್ಟಿಗೆಯ ತುಂಬ ತೆಂಗಿನಕಾಯಿ ತುಂಬಿದೆನು. ಬೀದಿಯಲ್ಲಿ ಅದು ಹೂವಿನಂತೆ ಬಂದಿತು. ಬಸ್ಸಿಗೆ ಎತ್ತುವಾಗ ಸೊಂಟ ಹಿಡಿದು ಎಂಟು ದಿನ ಮಲಗಿಸಿತು. ಆದ್ದರಿಂದ ಖಾಲಿ ಪೆಟ್ಟಿಗೆಯೇ ಹಗುರವಾಗಿರಲಿ. ತುಂಬಿದ ಮೇಲೆ ಮಂಡಿ ಬಗ್ಗಿಸಿ, ಮೈಗೆ ಹತ್ತಿರ ಹಿಡಿದು, ಮನೆಯಲ್ಲೇ ಒಮ್ಮೆ ಎತ್ತಿ ನೋಡಿ. ಆಗದಿದ್ದರೆ ಎರಡು ಪೆಟ್ಟಿಗೆಗೆ ಹಂಚಿ. ಎಳೆಯಬಲ್ಲಷ್ಟನ್ನಲ್ಲ, ಎತ್ತಬಲ್ಲಷ್ಟನ್ನು ತುಂಬಿರಿ.