ಗುಡ್ಡದ ಯಾವ ಮಗ್ಗುಲಲ್ಲಿ ಮನೆ?

ಜುಲೈ ತಿಂಗಳ ಸಾಮಾನ್ಯ ಮಧ್ಯಾಹ್ನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉಷ್ಣಾಂಶ 19–20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಪೂರ್ವಕ್ಕೆ ಗಂಟೆಯ ಕಾರಿನ ದಾರಿಯಲ್ಲಿರುವ ಲಿವರ್‌ಮೋರ್‌ನಲ್ಲಿ ಅದೇ ಹೊತ್ತಿಗೆ 32 ಡಿಗ್ರಿ. ಒಂದೂರಿನವರು ಜಾಕೆಟ್‌ನ ಜಿಪ್ ಕುತ್ತಿಗೆವರೆಗೆ ಎಳೆದುಕೊಂಡು ಓಡಾಡುತ್ತಿದ್ದರೆ ಇನ್ನೊಂದೂರಿನವರು ಕಿಟಕಿಯ ಪರದೆ ಇಳಿಸಿ ಏಸಿ ಹಾಕಿಕೊಂಡು ಕೂತಿರುತ್ತಾರೆ. ಆದರೂ ಎರಡು ಊರುಗಳನ್ನೂ ಜನ ಕರೆಯುವುದು ಬೇ ಏರಿಯಾ, ಅಂದರೆ ಕೊಲ್ಲಿ ಪ್ರದೇಶ, ಎಂದೇ. ಸಾಫ್ಟ್‌ವೇರ್ ಕೆಲಸ ಹಿಡಿದು ಈ ಕೊಲ್ಲಿಯ ಸುತ್ತ ನೆಲೆಸಿದ ಕನ್ನಡಿಗರ ಸಂಖ್ಯೆ ಚಿಕ್ಕದಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಇಂದಿಗೂ ಬೆಂಗಳೂರಿನಿಂದ ಹೊರಟವರು ಮೊದಲು ಕೇಳುವುದು, ‘ಅಲ್ಲಿ ಹವೆ ಹೇಗಿದೆ?’ ಎಂದು. ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಲ್ಲಿ ಬದುಕು ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಮೂರು ಸಂಗತಿಗಳು: ಮನೆ ಗುಡ್ಡದ ಯಾವ ಮಗ್ಗುಲಲ್ಲಿದೆ, ಗಾಳಿ ನುಗ್ಗುವ ಕಣಿವೆಗೆ ಎಷ್ಟು ಹತ್ತಿರವಿದೆ, ಕಾಲಡಿಯ ನೆಲ ಎಂಥದ್ದು. ಬಾಡಿಗೆ ಮತ್ತು ಶಾಲೆಗಳ ಪಟ್ಟಿಯ ಪಕ್ಕದಲ್ಲೇ ಇವು ಮೂರಕ್ಕೂ ಜಾಗ ಸಿಗಬೇಕು.

ಕಡಲಿನ ಬಗ್ಗೆ ನಮಗಿರುವ ತಿಳಿವಳಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಮಂಗಳೂರು, ಕಾರವಾರ ಕಂಡವರಿಗೆ ಕಡಲತೀರ ಎಂದರೆ ಸೆಕೆ, ಬೆವರು, ಒಣಗದ ಬಟ್ಟೆ. ಅರಬ್ಬಿ ಸಮುದ್ರದ ಮೇಲ್ನೀರು 28 ಡಿಗ್ರಿಯ ಸುತ್ತಮುತ್ತ ಇರುವುದರಿಂದ ಹಾಗಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಪೆಸಿಫಿಕ್ ಬೇಸಿಗೆಯಲ್ಲೂ ಸುಮಾರು 11ರಿಂದ 15 ಡಿಗ್ರಿ ಮಾತ್ರ. ಉತ್ತರದಿಂದ ಹರಿದುಬರುವ ಕ್ಯಾಲಿಫೋರ್ನಿಯಾ ಪ್ರವಾಹ ಮೊದಲೇ ತಣ್ಣಗಿರುತ್ತದೆ. ಅದರ ಮೇಲೆ ವಸಂತ ಮತ್ತು ಬೇಸಿಗೆಯ ವಾಯವ್ಯ ಗಾಳಿ ತೀರದ ಮೇಲ್ನೀರನ್ನು ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ಇನ್ನೂ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಈ ನೀರಿನ ಮೇಲೆ ಹಾದ ತೇವದ ಗಾಳಿ ಮಂಜಾಗುತ್ತದೆ. ಅದರ ಮೇಲೆ ಬೆಚ್ಚನೆಯ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುವುದರಿಂದ ಮಂಜು ಮೇಲೇರಿ ಚದುರಲಾರದು. ಅತ್ತ ಒಳನಾಡಿನ ಸೆಂಟ್ರಲ್ ವ್ಯಾಲಿಯ ಬಯಲು ಕಾದು 35–40 ಡಿಗ್ರಿ ಮುಟ್ಟಿದಾಗ ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ತೆರವಾದ ಕಡೆಗೆ ಕಡಲಗಾಳಿ ಸೆಳೆಯಲ್ಪಡುತ್ತದೆ. ನಡುವೆ ತೀರದ ಬೆಟ್ಟಸಾಲು ಅಡ್ಡ ನಿಂತಿದೆ. ಸಮುದ್ರಮಟ್ಟದಲ್ಲಿ ಅದಕ್ಕಿರುವ ದೊಡ್ಡ ಬಾಗಿಲು ಒಂದೇ, ಅತಿ ಕಿರಿದಾದ ಕಡೆ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಅಗಲದ ಗೋಲ್ಡನ್ ಗೇಟ್. ಹೀಗಾಗಿ ಒಳನಾಡು ಕಾದಷ್ಟೂ ಆ ಬಾಗಿಲಿನ ಪಕ್ಕದ ನಗರ ನಡುಗುತ್ತದೆ. ಒಳನಾಡಿನ ಸೆಳೆತ ಸಡಿಲವಾದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ನಿಜವಾದ ಬೇಸಿಗೆ ಬರುತ್ತದೆ.

ಗಾಳಿಯನ್ನು ಕೇಳದೆ ಜಾಗ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಗರದ ಆಗ್ನೇಯ ಅಂಚಿನಲ್ಲಿದ್ದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ಕ್ರೀಡಾಂಗಣವೇ ಸಾಕ್ಷಿ. ಕೊಲ್ಲಿಯ ದಡದಲ್ಲಿ ಬೇಸ್‌ಬಾಲ್‌ಗಾಗಿ ಕಟ್ಟಿದ ಅದು 1960ರಲ್ಲಿ ತೆರೆಯಿತು. ಮಧ್ಯಾಹ್ನವಾಗುತ್ತಲೇ ಬೆಟ್ಟಗಳ ನಡುವಿನಿಂದ ಕಡಲಗಾಳಿ ನೇರ ಮೈದಾನಕ್ಕೆ ನುಗ್ಗುತ್ತಿತ್ತು. 1961ರ ಆಲ್‌ಸ್ಟಾರ್ ಪಂದ್ಯದಲ್ಲಿ ಚೆಂಡೆಸೆಯಲು ನಿಂತ ಸ್ಟೂ ಮಿಲ್ಲರ್ ಗಾಳಿಯ ಹೊಡೆತಕ್ಕೆ ತುಸು ವಾಲಿದರು, ಅಂಪೈರ್ ಅದನ್ನು ನಿಯಮಭಂಗ ಎಂದರು. ನಾಲ್ಕು ದಶಕ ಆ ಚಳಿಗಾಳಿ ತಿಂದ ಜೈಂಟ್ಸ್ ತಂಡ 2000ದಲ್ಲಿ ಅದೇ ನಗರದ ಬೇರೊಂದು ಕ್ರೀಡಾಂಗಣಕ್ಕೆ ಹೋಯಿತು. ಇನ್ನಷ್ಟು ಪೂರ್ವಕ್ಕಿರುವ ಆಲ್ಟಮಾಂಟ್ ಕಣಿವೆಯಲ್ಲಿ ಇದೇ ಕಡಲಗಾಳಿಯನ್ನು ನಂಬಿ ಸಾಲುಸಾಲು ಗಾಳಿಯಂತ್ರ ನೆಟ್ಟಿದ್ದಾರೆ. ಮಳೆಯ ಕಥೆಯೂ ಇಂಥದ್ದೇ. ಮಳೆ ಬೀಳುವುದು ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ಮುಂಗಾರಿಗೆ ತದ್ವಿರುದ್ಧ. ಸಾಂತಾಕ್ರೂಜ್ ಬೆಟ್ಟದ ಕಡಲ ಮಗ್ಗುಲಿನ ಬೆನ್ ಲೋಮಂಡ್‌ನಲ್ಲಿ ವರ್ಷಕ್ಕೆ 1,200 ಮಿಲಿಮೀಟರ್‌ಗೂ ಹೆಚ್ಚು ಮಳೆ, ಬೆಟ್ಟ ದಾಟಿದರೆ ಸ್ಯಾನ್ ಹೋಸೆಯಲ್ಲಿ 400 ಕೂಡ ಇಲ್ಲ. ಆಗುಂಬೆಯ ಮಳೆಗೂ ಘಟ್ಟದ ನೆರಳಿನ ಬಯಲುಸೀಮೆಗೂ ಇರುವ ಅಂತರ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡಿಗರು ಹೆಚ್ಚಾಗಿ ಮನೆ ಹುಡುಕುವ ಊರುಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಸನಿವೇಲ್, ಸಾಂತಾಕ್ಲಾರಾ, ಕೂಪರ್ಟಿನೋ ಇರುವ ದಕ್ಷಿಣ ಕಣಿವೆಗೆ ಬೆಟ್ಟ ಮಂಜನ್ನು ತಡೆಯುತ್ತದೆ, ಕೊಲ್ಲಿ ಸಂಜೆಯ ತಂಗಾಳಿ ಕಳಿಸುತ್ತದೆ. ಬೇಸಿಗೆಯ ಮಧ್ಯಾಹ್ನ 27–29 ಡಿಗ್ರಿ, ರಾತ್ರಿ ಹೊದಿಕೆ ಬೇಕಾಗುವಷ್ಟು ತಂಪು. ಫ್ರೀಮಾಂಟ್‌ನ ಕೊಲ್ಲಿ ಬದಿಯೂ ಹೆಚ್ಚುಕಡಿಮೆ ಹೀಗೆಯೇ. ಫ್ರೀಮಾಂಟ್‌ನ ಗುಡ್ಡ ದಾಟಿ ಡಬ್ಲಿನ್, ಪ್ಲೆಸೆಂಟನ್, ಸ್ಯಾನ್ ರಮೋನ್ ಕಡೆ ಹೋದರೆ ಮನೆ ದೊಡ್ಡದು ಸಿಗುತ್ತದೆ, ಬಿಸಿಲೂ ದೊಡ್ಡದೇ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಲಿವರ್‌ಮೋರ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 47 ಸೆಲ್ಸಿಯಸ್ ದಾಖಲಾಯಿತು.

ನೆಲದ ವಿಚಾರ ಹವೆಗಿಂತ ಗಂಭೀರ. ಈ ಕೊಲ್ಲಿ ವಿಶಾಲವಾದರೂ ಹೆಚ್ಚಿನ ಕಡೆ ಆಳವಿಲ್ಲ. ಹಾಗಾಗಿಯೇ ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಅದರ ಅಂಚಿಗೆ ಮಣ್ಣು ಸುರಿದು ನಿವೇಶನ ಮಾಡಿಕೊಂಡರು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದ ಕೇಂದ್ರ ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿತ್ತು. ಆದರೂ ನಗರದಲ್ಲಿ ಮರೀನಾ ಬಡಾವಣೆಯ ಮನೆಗಳು ಕುಸಿದವು, ಹೊತ್ತಿ ಉರಿದವು. ಅದು ಹೀಗೆ ತುಂಬಿದ ನೆಲ; ನೀರು ಹೀರಿದ ಸಡಿಲ ಮರಳು ಅಲುಗಾಟಕ್ಕೆ ಕೆಸರಿನಂತೆ ಹರಿಯಿತು. ಗಟ್ಟಿ ಬಂಡೆಯ ಮೇಲಿದ್ದ ಪಕ್ಕದ ಗುಡ್ಡಗಳ ಮನೆಗಳು ಬಹುಪಾಲು ನಿಂತೇ ಇದ್ದವು. ಓಕ್‌ಲ್ಯಾಂಡ್‌ನಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿ ಕುಸಿದು 42 ಜನ ಸತ್ತರು. ಬಿದ್ದ ಭಾಗದ ಅಡಿಯಲ್ಲಿದ್ದುದು ಕೊಲ್ಲಿಯ ಮೆತ್ತನೆಯ ಕೆಸರು. ದಕ್ಷಿಣ ತುದಿಯ ಅಲ್ವಿಸೋ ಇನ್ನೊಂದು ಪಾಠ. ಹಣ್ಣಿನ ತೋಟಗಳಿಗೂ ಬೆಳೆಯುವ ನಗರಕ್ಕೂ ಅಂತರ್ಜಲ ಎತ್ತಿ ಎತ್ತಿ, 20ನೇ ಶತಮಾನದ ಮೊದಲ ಏಳು ದಶಕಗಳಲ್ಲಿ ಸಾಂತಾಕ್ಲಾರಾ ಕಣಿವೆಯ ನೆಲ ಕೆಲವೆಡೆ ನಾಲ್ಕು ಮೀಟರ್‌ನಷ್ಟು ಕೆಳಗಿಳಿಯಿತು. ಅಲ್ವಿಸೋ ಇಂದು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ, ಕಟ್ಟೆಗಳ ಆಸರೆಯಲ್ಲಿ ಬದುಕುತ್ತಿದೆ. ಗೋಲ್ಡನ್ ಗೇಟ್‌ನ ಅಳತೆಗೋಲಿನ ಪ್ರಕಾರ ಕಳೆದ ನೂರು ವರ್ಷಗಳಲ್ಲಿ ಕಡಲು ಸುಮಾರು 20 ಸೆಂಟಿಮೀಟರ್ ಏರಿದೆ.

ಹಾಗಾದರೆ ಗುಡ್ಡ ಹತ್ತಿದರೆ ಕ್ಷೇಮವೇ? ಅಲ್ಲಿ ಬೆಂಕಿ ಕಾದಿದೆ. ಶರತ್ಕಾಲದಲ್ಲಿ ಗಾಳಿ ದಿಕ್ಕು ಬದಲಿಸಿ ಒಳನಾಡಿನಿಂದ ಕಡಲಿನತ್ತ ಬಿಸಿಯಾಗಿ, ಒಣಗಿ ಬೀಸುತ್ತದೆ. ಇದಕ್ಕೆ ಅಲ್ಲಿನವರು ಡಯಾಬ್ಲೋ ಗಾಳಿ ಎನ್ನುತ್ತಾರೆ. 1991ರ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಈ ಗಾಳಿಗೆ ಸಿಕ್ಕ ಬೆಂಕಿ 25 ಜನರನ್ನೂ ಸುಮಾರು ಮೂರು ಸಾವಿರ ಮನೆಗಳನ್ನೂ ಬಲಿ ತೆಗೆದುಕೊಂಡಿತು. ಈಚೆಗೆ ಕಾಡಂಚಿನ ಮನೆಗಳಿಗೆ ವಿಮೆ ಸಿಗುವುದೇ ಕಷ್ಟವಾಗಿದೆ. ಸಾಮಾನ್ಯ ಗೃಹವಿಮೆಯಲ್ಲಿ ಭೂಕಂಪವೂ ಪ್ರವಾಹವೂ ಸೇರಿರುವುದಿಲ್ಲ, ಎರಡಕ್ಕೂ ಬೇರೆ ಬೇರೆ ಪಾಲಿಸಿ ಬೇಕು.

ಇಷ್ಟೆಲ್ಲ ನೋಡಲು ಯಾರಿಗೆ ಪುರುಸೊತ್ತು, ಆಫೀಸು ಎಲ್ಲಿದೆಯೋ ಅಲ್ಲಿ ಮನೆ, ಹವೆ ನೋಡುವುದು ಉಳ್ಳವರ ಶೋಕಿ ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಅಗ್ಗವೆಂದು ಗುಡ್ಡದಾಚೆ ಹೋದವರು ಉಳಿಸಿದ ಬಾಡಿಗೆಯ ಒಂದು ಪಾಲು ಏಸಿಗೆ ಹೋಗುತ್ತದೆ; ಕ್ಯಾಲಿಫೋರ್ನಿಯಾದ ವಿದ್ಯುತ್ ದರ ಅಮೆರಿಕದಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಹವೆಯ ಲೆಕ್ಕ ಬಜೆಟ್ಟಿನ ಲೆಕ್ಕವೂ ಹೌದು. ರಾಯಚೂರು, ಕಲಬುರಗಿಯ ಬಿಸಿಲು ಕಂಡವರಿಗೆ ಇದ್ಯಾವ ಲೆಕ್ಕ ಎಂಬುದು ಇನ್ನೊಂದು ಆಕ್ಷೇಪ. ಬೇ ಏರಿಯಾದ ಶಾಖ ಒಣ, ರಾತ್ರಿ ತಂಪು ಎಂಬುದೂ ನಿಜವೇ. ಆದರೆ ಕೊಲ್ಲಿ ಬದಿಯ ಹಳೆಯ ಮರದ ಮನೆಗಳಲ್ಲಿ ಎಷ್ಟೋ ಕಡೆ ಏಸಿಯೂ ಇಲ್ಲ, ಸೀಲಿಂಗ್ ಫ್ಯಾನೂ ಇಲ್ಲ. 2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲೇ 106 ಫ್ಯಾರನ್‌ಹೀಟ್, ಅಂದರೆ 41 ಸೆಲ್ಸಿಯಸ್ ಮುಟ್ಟಿದಾಗ ಕಷ್ಟಪಟ್ಟವರು ಇಂಥ ಮನೆಗಳಲ್ಲಿದ್ದವರು. ಬಾಣಂತನಕ್ಕೆಂದು ಬಂದು ಐದಾರು ತಿಂಗಳು ಇರುವ ತಾಯಿ, ಜತೆಗೆ ಬಂದ ಅಜ್ಜ ಹಗಲಿಡೀ ಕಳೆಯುವುದು ಆಫೀಸಿನ ಏಸಿಯಲ್ಲಲ್ಲ, ಮನೆಯೊಳಗೆ. ಹವಾಮಾನವೇ ಬದಲಾಗುತ್ತಿರುವಾಗ ಹಳೆಯ ಸರಾಸರಿ ನಂಬಿ ಏನು ಫಲ ಎಂಬ ಮೂರನೇ ಮಾತಿಗೆ ಹೆಚ್ಚು ತೂಕವಿದೆ. ದೂರದ ಕಾಳ್ಗಿಚ್ಚಿನ ಹೊಗೆ 2020ರ ಸೆಪ್ಟೆಂಬರ್ 9ರಂದು ಇಡೀ ಕೊಲ್ಲಿಯ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದಾಗ ಯಾವ ಗುಡ್ಡವೂ ಅಡ್ಡ ಬರಲಿಲ್ಲ. ಆದರೆ ಅಂಕಿ ಬದಲಾದರೂ ಬೆಟ್ಟ ಜಾಗ ಬದಲಿಸುವುದಿಲ್ಲ, ತುಂಬಿದ ಮಣ್ಣು ಬಂಡೆಯಾಗುವುದಿಲ್ಲ. ವಿಪರೀತಗಳು ಹೆಚ್ಚಿದಷ್ಟೂ ಜಾಗದ ಗುಣದೋಷಕ್ಕೆ ಬೆಲೆ ಹೆಚ್ಚುತ್ತದೆ.

ಇದಕ್ಕೆ ತಜ್ಞರೇ ಆಗಬೇಕಿಲ್ಲ. ಮನೆ ಮಾರುವವರು ಆ ಜಾಗ ಪ್ರವಾಹ, ಬೆಂಕಿ, ಭೂಕಂಪದ ಗುರುತಿಸಿದ ಅಪಾಯ ವಲಯಗಳಲ್ಲಿದೆಯೇ ಎಂದು ಕೊಳ್ಳುವವರಿಗೆ ಲಿಖಿತವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಆ ಹಾಳೆಗೆ ಸಹಿ ಹಾಕುವ ಮುನ್ನ ಓದಿ. ಬಾಡಿಗೆಗೆ ಹೋಗುವವರು ಸರ್ಕಾರ ಬಿಡಿಬಿಡಿಯಾಗಿ ಪ್ರಕಟಿಸಿರುವ ಭೂಕಂಪ, ಪ್ರವಾಹ, ಬೆಂಕಿಯ ನಕ್ಷೆಗಳಲ್ಲಿ ವಿಳಾಸ ಹುಡುಕಿ. ಸಾಧ್ಯವಾದರೆ ಬೇಸಿಗೆಯ ಸಂಜೆ ನಾಲ್ಕು ಗಂಟೆಗೆ ಮನೆ ನೋಡಲು ಹೋಗಿ. ಗಾಳಿಯ ರಭಸವೂ ಪಶ್ಚಿಮದ ಗೋಡೆಯ ಕಾವೂ ಆಗಲೇ ಗೊತ್ತಾಗುವುದು. ಶಾಲೆಯ ರೇಟಿಂಗ್ ವರ್ಷ ವರ್ಷ ಬದಲಾದೀತು, ಕಂಪನಿಯೂ ಬದಲಾದೀತು. ಮನೆಯ ಕೆಳಗಿನ ನೆಲವನ್ನು ಬದಲಿಸಲು ಆಗದು, ಆದ್ದರಿಂದ ಅದನ್ನೇ ಮೊದಲು ವಿಚಾರಿಸಿ.