ಕಿಡಿ ನಿಂತದ್ದು ಎಲ್ಲಿ?

ರೈಲ್ವೆ ಬೋಗಿ ಕಾರ್ಖಾನೆ ಇರುವ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಮರುದಿನ ನನಗೆ ಸಂದರ್ಶನ. ಹೋಗಬೇಕಿದ್ದ ಕಾಕಾನ ಪೆಟ್ರೋಲ್ ಅಂಬಾಸಡರ್ ಸಂಜೆಯೇ ಕೈಕೊಟ್ಟಿತು. ಅದರ ತಯಾರಿಕೆ 2014ರಲ್ಲೇ ನಿಂತಿದೆ. ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಚಾಲೂ ಆಗುತ್ತಿರಲಿಲ್ಲ.

‘ಕಾಯಿಲ್ ಹೋಗ್ಯಾದ, ಹೊಸದು ಹಾಕ್ರಿ’ ಎಂದರು ಮೆಕ್ಯಾನಿಕ್.

‘ಮೊದಲ ನೋಡೋಣು, ಆಮ್ಯಾಲ ಬದಲಿಸೋಣು’ ಎಂದರು ಕಾಕಾ.

ಪ್ಲಗ್ ಬಿಚ್ಚಿ ವೈರ್‌ಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿಟ್ಟು ಸ್ಟಾರ್ಟರ್ ಹೊಡೆದೆವು. ಕಿಡಿ ಇಲ್ಲ. ಕಾಯಿಲ್‌ನ ದಪ್ಪ ವೈರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ನೋಡಿದೆವು. ಅಲ್ಲೂ ಇಲ್ಲ. ಹಾಗಾದರೆ ದೋಷ ಪ್ಲಗ್‌ಗಳದ್ದಲ್ಲ, ಅದಕ್ಕಿಂತ ಹಿಂದೆಯೇ ಇದೆ.

12 ವೋಲ್ಟ್ ಬಲ್ಬಿನ ಒಂದು ವೈರನ್ನು ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತುದಿಗೆ, ಇನ್ನೊಂದನ್ನು ಬಾಡಿಗೆ ಹಿಡಿದೆ. ಎಂಜಿನ್ ತಿರುಗುವಾಗ ಅದು ಮಿಣುಕಬೇಕು. ಒಂದೇ ಸಮ ಉರಿಯಿತು. ಕಾಯಿಲ್ ದಾಟಿ ಕರೆಂಟ್ ಬರುತ್ತಿದೆ, ಪಾಯಿಂಟ್ ಮಾತ್ರ ಕೂಡುತ್ತಿಲ್ಲ! ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟ್ ಕಪ್ಪಾಗಿತ್ತು. ಎಮರಿ ಕಾಗದದಿಂದ ಉಜ್ಜಿ, ಸಂದನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸಿದೆವು. ಎಂಜಿನ್ ಚಾಲೂ ಆಯಿತು. ಪಾಯಿಂಟ್ ಮತ್ತೆ ಸುಡದಿರಲೆಂದು ಕಂಡೆನ್ಸರ್ ಮಾತ್ರ ಹೊಸದು ಹಾಕಿದೆವು.

‘ಮಷಿನ್ ನಿಂತರೆ ಮೊದಲು ಏನು ಮಾಡುತ್ತೀರಿ?’ ಸಂದರ್ಶನದಲ್ಲಿ ಕೇಳಿದರು. ಪುಸ್ತಕದ ಉತ್ತರ ನೆನಪಾಗಲಿಲ್ಲ; ಆ ಬಲ್ಬಿನ ಕಥೆ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಬಲ್ಬ್ ಮಾತ್ರ ನನ್ನ ಬ್ಯಾಗಿನಲ್ಲೇ ಇದೆ.